ಬೇಸಿಗೆಗೆ ಕರಾವಳಿಯಲ್ಲಿ ತೆರೆದಿರುವ ಹೊಸ ಹೋಟೆಲುಗಳು: ಫಲಕದಲ್ಲಿ ನೋಗಲಿ ಮೀನಿನ ಹೆಸರು ಎಲ್ಲಿದೆ?

ಕಾಳಿಕಡವು, ಕಾರವಾರ · ರವಿವಾರ ರಾತ್ರಿ

ಪರೀಕ್ಷೆಗಳು ಮುಗಿದವು. ಬೆಂಗಳೂರಿನ ರಾತ್ರಿ ರೈಲು ತುಂಬಿಕೊಂಡು ಬರುತ್ತಿದೆ, ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಕಾಲಿಡಲು ಜಾಗವಿಲ್ಲ. ಅದರ ಜೊತೆಗೇ ಹೊಸ ಹೋಟೆಲುಗಳೂ ಎದ್ದಿವೆ. ಕೋಡಿಬಾಗದಿಂದ ಬಿಣಗಾದವರೆಗೆ ಹೆದ್ದಾರಿಯಲ್ಲಿ ಒಮ್ಮೆ ಸ್ಕೂಟರಿನಲ್ಲಿ ಹೋಗಿ ಬಂದರೆ ಹೋದ ವರ್ಷ ಇಲ್ಲದ ಫಲಕಗಳು ಎಷ್ಟೋ ಕಾಣುತ್ತವೆ. ಕೆಲವು ಕಡೆ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ದೇವಬಾಗ, ಮಾಜಾಳಿಯ ಕಡೆ ತೆಂಗಿನ ತೋಟದೊಳಗೆ ನಾಲ್ಕು ಮೇಜು ಹಾಕಿ ಊಟ ಕೊಡುವವರೂ ಹೆಚ್ಚಾಗಿದ್ದಾರೆ. ನನಗೆ ಇದು ಸಂತೋಷದ ವಿಷಯ. ಗೋವೆಗೆ ಹೋಗುವ ಗಾಡಿಗಳು ನಮ್ಮೂರಿನಲ್ಲಿ ಒಂದು ಚಹಾ ಕುಡಿದು ಮುಂದಕ್ಕೆ ಹೋಗಿಬಿಡುತ್ತಿದ್ದ ಕಾಲವನ್ನು ಕಂಡವನು ನಾನು. ಇಲ್ಲಿಯೇ ಕುಳಿತು ಉಣ್ಣುವವರು ಬಂದರೆ ಊರಿಗೆ ಒಳ್ಳೆಯದು.

ಆದರೆ ಇವತ್ತು ಮಧ್ಯಾಹ್ನ ನಡೆದದ್ದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅಪ್ಪ ಅಮ್ಮನನ್ನು ಹೊಸ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಹೆಸರು ಹೇಳುವುದಿಲ್ಲ, ಒಂದೇ ಹೋಟೆಲಿನ ತಪ್ಪಾಗಿದ್ದರೆ ಇಷ್ಟು ಬರೆಯುತ್ತಲೂ ಇರಲಿಲ್ಲ. ಚೆಂದದ ಕಟ್ಟಡ, ಕಿಟಕಿಯಾಚೆ ಸಮುದ್ರ. ಮೆನು ಪುಸ್ತಕದಲ್ಲಿ ಮೀನಿಗೆ ಮೀಸಲಾದ ಪುಟ ಒಂದು. ಫಿಶ್ ಫ್ರೈ, ಫಿಶ್ ಕರಿ, ಫಿಶ್ ತಂದೂರಿ, ಫಿಶ್ ಮಂಚೂರಿ. ಅಮ್ಮ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. ಬಡಿಸುವ ಹುಡುಗನನ್ನು ಕರೆದು "ಯಾವ ಮೀನು ಅಪ್ಪಾ?" ಎಂದು ಕೇಳಿದಳು. ಅವನು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು "ಸಮುದ್ರದ ಮೀನು ಅಮ್ಮಾ" ಎಂದ. ಅಮ್ಮ ಪುಸ್ತಕ ಮುಚ್ಚಿಟ್ಟು ಮೊಸರನ್ನ ತರಲು ಹೇಳಿದಳು. ಐವತ್ತು ವರ್ಷ ದಿನಾ ಬೆಳಿಗ್ಗೆ ಮೀನು ಆರಿಸಿ ತಂದ ಹೆಂಗಸು ಅವಳು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ದೂರದ ಊರಿನವನು, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ನೋವಾದದ್ದು ಬೇರೆ. ಬಂದರಿನಿಂದ ಕೂಗಳತೆಯಲ್ಲಿರುವ ಹೋಟೆಲಿನಲ್ಲಿ ಮೀನಿಗೆ ಹೆಸರಿಲ್ಲ.

ಬಂಗುಡೆ ಬೇರೆ, ತಾರ್ಲೆ ಬೇರೆ, ನೋಗಲಿ ಬೇರೆ, ದೋಡಿ ಬೇರೆ. ಒಂದೊಂದಕ್ಕೂ ಒಂದೊಂದು ಮಸಾಲೆ, ಒಂದೊಂದು ಹುಳಿ. ಈ ಹೆಸರುಗಳನ್ನು ಫಲಕದ ಮೇಲೆ ಬರೆಯುವ, ಅವತ್ತು ಬಂದ ಮೀನನ್ನು ಅವತ್ತೇ ಬಡಿಸುವ ಹೊಸ ಹೋಟೆಲುಗಳು ನಿಮಗೆ ಗೊತ್ತಿದ್ದರೆ ತಿಳಿಸಿ. ಹೋಟೆಲು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಕಷ್ಟವನ್ನೂ ಹೇಳಿ. ಜಗಳಕ್ಕಾಗಿ ಬರೆದದ್ದಲ್ಲ.

ರಜೆಗೆ ಬಂದವನು, ಬೆಂಗಳೂರು · ರವಿವಾರ ರಾತ್ರಿ

ನಿಮ್ಮ ತಾಯಿಯವರ ವಿಷಯ ಓದಿ ಬೇಸರವಾಯಿತು. ನನ್ನ ಅಜ್ಜಿಯ ಮನೆ ಸದಾಶಿವಗಡದಲ್ಲಿ. ವರ್ಷಕ್ಕೆ ಹತ್ತು ದಿನ ಬರುತ್ತೇನೆ. ಆದರೂ ಹೊಸ ಹೋಟೆಲಿನವರ ಪರವಾಗಿ ಒಂದು ಮಾತು. ನನ್ನ ಜೊತೆ ಬಂದ ಸ್ನೇಹಿತರ ಕುಟುಂಬಕ್ಕೆ ಮುಳ್ಳು ಬಿಡಿಸಿ ತಿನ್ನುವ ಅಭ್ಯಾಸವಿಲ್ಲ. ಮಕ್ಕಳಿಗೆ ನೂಡಲ್ಸ್ ಬೇಕು, ಹಿರಿಯರಿಗೆ ತಂಪಾದ ಕೋಣೆ ಬೇಕು, ಎಲ್ಲಕ್ಕಿಂತ ಮೊದಲು ಸ್ವಚ್ಛವಾದ ಶೌಚಾಲಯ ಬೇಕು. ಹಳೆಯ ಖಾನಾವಳಿಗಳಲ್ಲಿ ರುಚಿ ಇತ್ತು, ಆದರೆ ಹೆಂಗಸರು ಕೈತೊಳೆಯಲು ಹೋಗಿ ಹಾಗೆಯೇ ವಾಪಸು ಬರುತ್ತಿದ್ದ ಸ್ಥಿತಿಯೂ ಇತ್ತು. ಹೊಸಬರು ಅದನ್ನಾದರೂ ಸರಿಪಡಿಸಿದ್ದಾರೆ ಎಂಬುದನ್ನು ಮರೆಯಬಾರದು.

ಕಾಳಿಕಡವು, ಕಾರವಾರ · ರವಿವಾರ ರಾತ್ರಿ

ಒಪ್ಪಿದೆ. ಶೌಚಾಲಯದ ಮಾತು ನೂರಕ್ಕೆ ನೂರು ನಿಜ. ನೂಡಲ್ಸ್ ಇರಲಿ, ತಂಪು ಕೋಣೆಯೂ ಇರಲಿ. ಅವುಗಳ ಜೊತೆಗೆ ಮೀನಿಗೊಂದು ಹೆಸರೂ ಇರಲಿ ಎಂದಷ್ಟೇ ನಾನು ಕೇಳುತ್ತಿರುವುದು.

ತೆಂಗಿನತೋಟ, ಮಾಜಾಳಿ · ಸೋಮವಾರ ಬೆಳಿಗ್ಗೆ

ನಾನು ಹೋಟೆಲು ನಡೆಸುವವನು. ಫೆಬ್ರವರಿ ಕೊನೆಗೆ ಮನೆಯ ಹಿತ್ತಲಿನಲ್ಲಿ ಆರು ಮೇಜು ಹಾಕಿ ಆರಂಭಿಸಿದೆ. ನನ್ನ ಮೆನುವಿನಲ್ಲೂ "ಫಿಶ್ ಫ್ರೈ" ಎಂದೇ ಇದೆ. ಏಕೆ ಹಾಗೆ ಬರೆಸಿದೆ ಎಂದು ಹೇಳುತ್ತೇನೆ, ಓದಿ.

ನಮಗೆ ಸಿಗುವುದು ಮಾರ್ಚಿಯಿಂದ ಮೇ ಕೊನೆಯವರೆಗಿನ ಮೂರು ತಿಂಗಳು. ಅದರಲ್ಲೂ ಮಾರ್ಚಿಯಲ್ಲಿ ಪರೀಕ್ಷೆ ಎಂದು ಯಾರೂ ಬರುವುದಿಲ್ಲ. ಜೂನ್ ಮೊದಲ ವಾರ ಮಳೆ ಹಿಡಿಯಿತು ಎಂದರೆ ಮೇಜು ಮಡಚಿ ಒಳಗಿಡಬೇಕು. ಆ ಅರವತ್ತು ಎಪ್ಪತ್ತು ದಿನಗಳಲ್ಲಿ ಬ್ಯಾಂಕಿನ ಕಂತು, ಅಡುಗೆಯವರ ಪಗಾರ, ಗ್ಯಾಸು ಎಲ್ಲವೂ ಹುಟ್ಟಬೇಕು. ಏಪ್ರಿಲ್ ಮೇ ತಿಂಗಳು ಮೀನು ಹೇರಳವಾಗಿ ಬೀಳುವ ಕಾಲವೂ ಅಲ್ಲ. ಒಂದು ದಿನ ನೂರು ರೂಪಾಯಿಗೆ ಎಂಟು ಬಂಗುಡೆ ಸಿಗುತ್ತದೆ, ಮರುದಿನ ಅದೇ ನೂರಕ್ಕೆ ಮೂರು. ಮೆನು ಪುಸ್ತಕದಲ್ಲಿ "ಬಂಗುಡೆ" ಎಂದು ದರದ ಸಮೇತ ಅಚ್ಚು ಹಾಕಿಸಿದರೆ ಮರುದಿನ ನಾನು ಏನು ಮಾಡಲಿ? ಪಾಪ್ಲೆಟ್ ಎಂದು ಬರೆದಿದ್ದರೆ, ಪಾಪ್ಲೆಟ್ ಇಲ್ಲದ ದಿನ ಗಿರಾಕಿ ಎದ್ದು ಹೋಗುತ್ತಾನೆ. ಆದ್ದರಿಂದ ಎಲ್ಲಕ್ಕೂ ಸಲ್ಲುವ ಒಂದು ಮಾತು ಬರೆಸಿ ಸುಮ್ಮನಾದೆ.

ಇನ್ನು ನೀರು. ಮೇ ತಿಂಗಳಿಗೆ ನಮ್ಮ ಬಾವಿಗೆ ಉಪ್ಪು ಏರುತ್ತದೆ. ಅನ್ನ ಬೇಯಿಸಲು, ಕುಡಿಯಲು ಟ್ಯಾಂಕರ್ ತರಿಸಬೇಕು. ಕರೆಂಟು ನಾಲ್ಕು ತಾಸು ಹೋದರೆ ಫ್ರೀಜರಿನಲ್ಲಿರುವ ಮೀನು ಚೆಲ್ಲಬೇಕು, ಇಲ್ಲವೇ ಮನಸ್ಸು ಕಲ್ಲು ಮಾಡಿಕೊಂಡು ಬಡಿಸಬೇಕು. ನಾನು ಎರಡು ಸಲ ಚೆಲ್ಲಿದ್ದೇನೆ. ಅಡುಗೆಯವರ ಕಥೆಯಂತೂ ಎಲ್ಲರಿಗೂ ಗೊತ್ತು: ನಮ್ಮ ಊರಿನ ಒಳ್ಳೆಯ ಕೈಗಳೆಲ್ಲ ಗೋವೆಯ ಹೋಟೆಲುಗಳಲ್ಲಿವೆ, ಪಗಾರ ಅಲ್ಲಿ ಹೆಚ್ಚು. ನನ್ನಲ್ಲಿ ಇರುವವರು ಹೊರ ರಾಜ್ಯದ ಇಬ್ಬರು. ಶ್ರದ್ಧೆಯಿಂದ ದುಡಿಯುತ್ತಾರೆ, ಆದರೆ ಅವರಿಗೆ ತಾರ್ಲೆಯ ಪರಿಚಯವೇ ಇರಲಿಲ್ಲ.

ಕಾಳಿಕಡವು ಅವರೇ, ನಿಮ್ಮ ತಾಯಿ ಮೊಸರನ್ನ ಉಂಡು ಎದ್ದುಹೋದರು ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ನನ್ನ ಮೇಜಿನಿಂದಲೂ ಯಾರಾದರೂ ಹಾಗೆ ಎದ್ದು ಹೋಗಿರಬಹುದು. ದಾರಿ ಇದ್ದರೆ ಹೇಳಿ.

ಬಂದರಿನ ಮಗಳು, ಬೈತಖೋಲ್ · ಸೋಮವಾರ ಮಧ್ಯಾಹ್ನ

ತೆಂಗಿನತೋಟದವರೇ, ಪ್ರಾಮಾಣಿಕವಾಗಿ ಬರೆದಿದ್ದೀರಿ. ನನ್ನ ತಾಯಿ ಮೂವತ್ತು ವರ್ಷಗಳಿಂದ ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವವಳು. ಆ ಬುಟ್ಟಿಯ ದುಡ್ಡಿನಿಂದಲೇ ನಾನು ಬಿ.ಕಾಂ. ಓದಿದೆ. ಆದ್ದರಿಂದ ಮೀನಿನ ಲೆಕ್ಕ ನನಗೆ ಸ್ವಲ್ಪ ಬರುತ್ತದೆ.

ಮೊದಲ ಮಾತು: ನೀವು ಮೀನನ್ನು ಏಜೆಂಟರಿಂದ ತರಿಸುತ್ತಿದ್ದೀರಿ ಎಂದು ನನ್ನ ಅಂದಾಜು. ಹೊಸ ಹೋಟೆಲುಗಳಲ್ಲಿ ಬಹಳಷ್ಟು ಹಾಗೆಯೇ ಮಾಡುತ್ತವೆ. ಒಂದು ಫೋನು ಮಾಡಿದರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಸ್ವಾಣ, ಪಾಪ್ಲೆಟ್, ದೊಡ್ಡ ಶೆಟ್ಲಿ (ಸಿಗಡಿ) ಬಾಗಿಲಿಗೆ ಬರುತ್ತದೆ. ಅದು ಯಾವ ಬಂದರಿನದ್ದು, ಎಷ್ಟು ದಿನ ಮಂಜುಗಡ್ಡೆಯಲ್ಲಿತ್ತು ಎಂದು ಯಾರೂ ಹೇಳುವುದಿಲ್ಲ. ಅದೇ ಹೊತ್ತಿಗೆ ನಮ್ಮ ಮಾರುಕಟ್ಟೆಯಲ್ಲಿ ಬೆಳಗಿನ ದೋಣಿಯಿಂದ ಇಳಿದ ದೋಡಿ, ಸೌಂದಾಳೆ, ನೋಗಲಿ, ತಾರ್ಲೆ ಗಿರಾಕಿಗಾಗಿ ಕಾಯುತ್ತಿರುತ್ತವೆ. ಪ್ರವಾಸಿಗರಿಗೆ ಮೂರೇ ಮೀನು ಗೊತ್ತು ಎಂದು ಹೋಟೆಲಿನವರು ನಂಬಿಕೊಂಡಿದ್ದಾರೆ. ಹೋಟೆಲಿನಲ್ಲಿ ಆ ಮೂರೇ ಸಿಗುವುದರಿಂದ ಪ್ರವಾಸಿಗರಿಗೂ ಬೇರೆ ಹೆಸರು ಗೊತ್ತಾಗುವುದಿಲ್ಲ. ಈ ಗಂಟು ಯಾರಾದರೂ ಒಬ್ಬರು ಬಿಚ್ಚಬೇಕು.

ಎರಡನೆಯದು: ಅಚ್ಚು ಹಾಕಿದ ಮೆನುವಿನಲ್ಲಿ ಮೀನಿನ ಹೆಸರು ಬೇಡವೇ ಬೇಡ. ಬಾಗಿಲಲ್ಲಿ ಒಂದು ಕರಿಹಲಗೆ ಇಡಿ. ಬೆಳಿಗ್ಗೆ ಮಾರುಕಟ್ಟೆಯಿಂದ ಬಂದವರು ಸೀಮೆಸುಣ್ಣದಿಂದ ಬರೆಯಲಿ: ಇವತ್ತು ನೋಗಲಿ, ಇಷ್ಟು ರೂಪಾಯಿ. ಮುಗಿದ ಕೂಡಲೇ ಅಳಿಸಿಬಿಡಿ. ಮುಗಿದು ಹೋಯಿತು ಎಂದು ತಿಳಿದರೆ ಗಿರಾಕಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆ. ಎಂದೂ ಮುಗಿಯದ ಮೀನು ಫ್ರೀಜರಿನ ಮೀನು ಎಂದು ಅಮ್ಮ ಹೇಳುತ್ತಾಳೆ.

ಕೊಳ್ಳುವಾಗ ನೋಡಬೇಕಾದ್ದು ಬಹಳವಿಲ್ಲ. ಕಿವಿರು ಎತ್ತಿ ನೋಡಿ, ಒಳಗೆ ದಾಸವಾಳದ ಹಾಗೆ ಕೆಂಪಿರಬೇಕು. ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಬಿಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬಂಗುಡೆಯ ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆಯಿರಿ, ಕುಳಿ ಕೂಡಲೇ ಏಳಬೇಕು. ಅಮ್ಮ ಇದನ್ನು ನೋಡದೆಯೇ ಹೇಳುತ್ತಾಳೆ, ಬೆರಳ ತುದಿಗೆ ಗೊತ್ತಾಗುತ್ತದೆ ಅವಳಿಗೆ. ಕೊಂಡ ಮೇಲೆ ಮೀನಿನ ತೂಕದಷ್ಟೇ ಮಂಜುಗಡ್ಡೆ ಹಾಕಿ, ಕರಗಿದ ನೀರು ಕೆಳಗೆ ಇಳಿದು ಹೋಗುವಂತೆ ಪೆಟ್ಟಿಗೆಗೆ ತೂತು ಇರಲಿ. ನೀರಿನಲ್ಲಿ ನೆನೆದ ಮೀನು ಬೇಗ ಕೆಡುತ್ತದೆ. ಕರೆಂಟು ಹೋದರೂ ಸಂಜೆಯವರೆಗೆ ಚಿಂತೆಯಿಲ್ಲ.

ರಾಂಪಣಿಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಅಜ್ಜನ ಕಾಲದಲ್ಲಿ ಇಡೀ ಕೇರಿಯವರು ದಂಡೆಯಲ್ಲಿ ನಿಂತು ರಾಂಪಣಿ ಬಲೆ ಎಳೆಯುತ್ತಿದ್ದರು, ಬಂದ ಬಂಗುಡೆಯನ್ನು ಪಾಲು ಹಾಕಿ ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ದೊಡ್ಡ ಬಲೆಯಿಂದ ಮೀನಿನ ಹಿಂಡನ್ನೇ ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಈಗಲೂ ಕೆಲವು ಕಡೆ ಸಣ್ಣ ಏಂಡಿ ಬಲೆ ಎಳೆಯುತ್ತಾರೆ. ನಿಮ್ಮ ಮಾಜಾಳಿಯ ದಂಡೆಯಲ್ಲಿ ಬೆಳಿಗ್ಗೆ ಬಲೆ ಎಳೆಯುವವರಿದ್ದರೆ ಮೊದಲು ಅವರ ಹತ್ತಿರ ಹೋಗಿ. ಅದಕ್ಕಿಂತ ತಾಜಾ ಮೀನು ಯಾವ ಏಜೆಂಟನೂ ತಂದುಕೊಡಲಾರ.

ಕರಿ ಇಶಾಡು, ಅಂಕೋಲಾ · ಸೋಮವಾರ ಸಂಜೆ

ಮೀನಿನ ಮಾತು ಹಣ್ಣಿಗೂ ಅನ್ವಯಿಸುತ್ತದೆ. ನಮ್ಮ ಕಡೆ ಹೆದ್ದಾರಿಯಲ್ಲಿ ಹೊಸದಾಗಿ ತೆರೆದ ಅಂಗಡಿಯೊಂದರಲ್ಲಿ ಮಾವಿನ ರಸ ಕೇಳಿದೆ. ಡಬ್ಬಿಯಿಂದ ಸುರಿದು ಕೊಟ್ಟರು. ಆ ಅಂಗಡಿಯಿಂದ ಸ್ವಲ್ಪವೇ ದೂರದಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿ ತುಂಬ ಕರಿ ಇಶಾಡು ಮಾವು ಇಟ್ಟುಕೊಂಡು ಕುಳಿತಿದ್ದರು. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಹಣ್ಣು ಅದು. ಸಿಪ್ಪೆ ತೆಳು, ಬೇಗ ಮೆತ್ತಗಾಗುತ್ತದೆ, ಲಾರಿಯಲ್ಲಿ ದೂರ ಕಳುಹಿಸಲು ಆಗುವುದಿಲ್ಲ. ಹಾಗಾಗಿ ಇಶಾಡಿನ ರಸ ಕುಡಿಯಬೇಕಾದರೆ ಮೇ ತಿಂಗಳಲ್ಲಿ ಅಂಕೋಲೆಗೇ ಬರಬೇಕು. ಇದಕ್ಕಿಂತ ದೊಡ್ಡ ಆಕರ್ಷಣೆ ಹೋಟೆಲಿನವನಿಗೆ ಇನ್ನೇನು ಬೇಕು?

ಬಳಚು, ಕುಮಟಾ · ಸೋಮವಾರ ರಾತ್ರಿ

ಕಾಳಿಕಡವು ಅವರು ಕೇಳಿದ ಪ್ರಶ್ನೆಗೆ ನೇರ ಉತ್ತರ: ಹೌದು, ಅಂಥದೊಂದು ಹೊಸ ಊಟದ ಮನೆ ನಮ್ಮ ಅಘನಾಶಿನಿಯ ದಂಡೆಯಲ್ಲಿ ಈ ಬೇಸಿಗೆಗೆ ಶುರುವಾಗಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ, ಫಲಕವೂ ಇಲ್ಲ. ಖಾಸಗಿ ಮನೆಯಾದ್ದರಿಂದ ಇಲ್ಲಿ ವಿಳಾಸ ಹಾಕುವುದು ಸರಿಯಲ್ಲ, ತದಡಿಯ ದೋಣಿ ಕಟ್ಟೆಯಲ್ಲಿ ಕೇಳಿದರೆ ತೋರಿಸುತ್ತಾರೆ.

ಅಲ್ಲಿ ಉಂಡ ಬಳಚಿನ (ಹೊಳೆಯ ಚಿಪ್ಪು ಮೀನಿನ) ಸುಕ್ಕವನ್ನು ಹೇಳಬೇಕು. ಇಳಿತದ ಹೊತ್ತಿಗೆ ಹೆಂಗಸರು ಹೊಳೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಬಳಚು ಹೆಕ್ಕುತ್ತಾರೆ. ಆ ಮನೆಯಾಕೆ ಅದನ್ನು ಹೊಳೆಯ ಉಪ್ಪು ನೀರಿನಲ್ಲೇ ರಾತ್ರಿಯಿಡೀ ಇಟ್ಟು ಮರಳು ಬಿಡಿಸುತ್ತಾರೆ. ಬೆಳಿಗ್ಗೆ ಒಂದೊಂದನ್ನೇ ಮೆಟ್ಟುಗತ್ತಿಯಲ್ಲಿ ಬಿಡಿಸಿ, ಮಾಂಸ ಒಂದು ಚಿಪ್ಪಿಗೆ ಅಂಟಿಕೊಂಡಿರುವಂತೆ ಇಟ್ಟು, ಖಾಲಿ ಚಿಪ್ಪು ಎಸೆಯುತ್ತಾರೆ. ಕಾಯಿತುರಿ, ಒಣಮೆಣಸು, ಅರಿಸಿನ, ಹುಳಿಗೆ ಮುರುಗಲು (ಕೋಕಂ) ಸಿಪ್ಪೆ. ನೀರು ಹಾಕುವುದೇ ಇಲ್ಲ, ಬಳಚು ಬಿಡುವ ನೀರಿನಲ್ಲೇ ಬೇಯುತ್ತದೆ. ಜೊತೆಗೆ ಕಗ್ಗದ ಕುಚ್ಚಲಕ್ಕಿ ಅನ್ನ. ಗಜನಿ ಎಂಬ ಹೊಳೆದಂಡೆಯ ಉಪ್ಪು ನೆಲದಲ್ಲಿ ಮಳೆಗಾಲದಲ್ಲಿ ಬೆಳೆಯುವ ಭತ್ತ ಕಗ್ಗ. ಕೊಯ್ಲು ಮುಗಿದ ಮೇಲೆ ಅದೇ ಗಜನಿಯಲ್ಲಿ ಶೆಟ್ಲಿ, ಮೀನು. ಒಂದು ತಟ್ಟೆಯಲ್ಲಿ ಇಡೀ ಅಳಿವೆ ಬಂದು ಕುಳಿತಿತ್ತು. ನನ್ನ ಅಜ್ಜಿ ಸತ್ತು ಹನ್ನೆರಡು ವರ್ಷವಾಯಿತು, ಅವಳ ಕೈಯ ರುಚಿ ಅವತ್ತು ಮತ್ತೆ ಸಿಕ್ಕಿತು.

ಒಂದು ವಿನಂತಿಯೂ ಇದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹೆಸರು ಬಂದ ಹಾಗೆ ಬೇಡಿಕೆಯೂ ಬರುತ್ತದೆ. ಹೋಟೆಲಿನವರು ಸಣ್ಣ ಬಳಚನ್ನು ದಯವಿಟ್ಟು ಕೊಳ್ಳಬೇಡಿ. ಬೆಳೆಯುವ ಮೊದಲೇ ಹೆಕ್ಕಿದರೆ ಹೊಳೆಯಲ್ಲಿ ನಿಲ್ಲುವ ಹೆಂಗಸರಿಗೇ ನಾಳೆ ಕೆಲಸ ಇರುವುದಿಲ್ಲ.

ಹಾಂ, ಕುಮಟೆಯ ಸಿಹಿ ಈರುಳ್ಳಿ ಈಗ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುತ್ತಿದ್ದಾರೆ. ಹುರಿದ ಮೀನಿನ ಪಕ್ಕದಲ್ಲಿ ಇಡಲು ಅದಕ್ಕಿಂತ ಒಳ್ಳೆಯ ಈರುಳ್ಳಿ ಇಲ್ಲ.

ಘಟ್ಟದ ಮೇಲಿನವಳು, ಶಿರಸಿ · ಮಂಗಳವಾರ ಬೆಳಿಗ್ಗೆ

ನಾನು ಮೀನು ತಿನ್ನುವವಳಲ್ಲ, ಆದರೂ ಈ ಚರ್ಚೆ ನನ್ನದೂ ಹೌದು ಅನ್ನಿಸಿತು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟೆಗೆ ಸುಮಾರು 60 ಕಿಲೋಮೀಟರ್. ರಜೆ ಬಂದರೆ ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಬರುವವರು ನಮ್ಮಲ್ಲಿ ಸಾವಿರಾರು ಜನ. ಕಡಲ ದಂಡೆಯ ಹೊಸ ಹೋಟೆಲುಗಳಲ್ಲಿ ನಮಗೆ ಸಿಗುವುದು ಪನ್ನೀರ್ ಮತ್ತು ಗೋಬಿ. ಎರಡೂ ಈ ಜಿಲ್ಲೆಯ ಮಣ್ಣಿನವಲ್ಲ.

ಬೇಸಿಗೆಯ ಊಟ ಎಂದರೆ ನಮ್ಮಲ್ಲಿ ಅಪ್ಪೆಹುಳಿ. ಅಪ್ಪೆಮಾವಿನ ಕಾಯನ್ನು ಬೇಯಿಸಿ, ಕಿವುಚಿ, ನೀರಾಗಿ ಮಾಡಿ, ಉಪ್ಪು ಹಾಕಿ, ಸೂಜಿಮೆಣಸು ಮತ್ತು ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು. ಅನ್ನಕ್ಕೆ ಕಲಸಿ ಉಂಡು, ಉಳಿದದ್ದನ್ನು ಲೋಟಕ್ಕೆ ಹಾಕಿಕೊಂಡು ಕುಡಿಯುವುದು. ಮೇ ತಿಂಗಳ ಬಿಸಿಲಿನಲ್ಲಿ ಮರಳಿನಲ್ಲಿ ಓಡಾಡಿ ಬಂದವರಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಒಂದೆಲಗದ ತಂಬುಳಿ, ಮುರುಗಲು ಸಾರು, ಹಲಸಿನಕಾಯಿ ಪಲ್ಯ: ಇವಕ್ಕೆ ಫ್ರೀಜರ್ ಬೇಡ, ದುಬಾರಿ ಸಾಮಾನು ಬೇಡ. ಮಾಜಾಳಿಯವರೇ, ಮೀನಿನ ದರ ಏರಿದ ದಿನ ಇವು ನಿಮ್ಮನ್ನು ಕಾಪಾಡುತ್ತವೆ. ಒಂದೇ ಮಾತು, ಸಸ್ಯಾಹಾರಕ್ಕೆ ಕಾವಲಿ ಮತ್ತು ಪಾತ್ರೆ ಬೇರೆ ಇಡಿ, ಹಾಗೆ ಇಟ್ಟಿದ್ದೀರಿ ಎಂದು ಬರೆದೂ ಹಾಕಿ. ನಮ್ಮ ಕಡೆಯವರು ಅದೊಂದನ್ನು ನೋಡಿಯೇ ಒಳಗೆ ಬರುತ್ತಾರೆ.

ತಟ್ಟೆಗಳಿಗೆ ಅಡಿಕೆ ಹಾಳೆಯವು ನಮ್ಮಲ್ಲಿ ಬೇಕಾದಷ್ಟು ತಯಾರಾಗುತ್ತವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಇದೆ, ಆದರೂ ಕಡಲ ದಂಡೆಯಲ್ಲಿ ಅವೇ ಬಿದ್ದಿರುತ್ತವೆ. ಹೋದ ತಿಂಗಳು ನನ್ನ ಮಗ ಆರಿಸಿದ ಕಪ್ಪೆಚಿಪ್ಪುಗಳಿಗಿಂತ ಪ್ಲಾಸ್ಟಿಕ್ ಚಮಚಗಳೇ ಹೆಚ್ಚಿದ್ದವು.

ಕುಡ್ಲೆ ದಾರಿ, ಗೋಕರ್ಣ · ಮಂಗಳವಾರ ಮಧ್ಯಾಹ್ನ

ಹೊಸದಾಗಿ ತೆರೆಯುವವರು ಕಾನೂನಿನ ಕಡೆಯನ್ನೂ ನೋಡಿಕೊಳ್ಳಿ. ಗೋಕರ್ಣದಲ್ಲಿ ಗುಡಿಸಲು ಹೋಟೆಲುಗಳು ಏಳುವುದನ್ನೂ ಬೀಳುವುದನ್ನೂ ಕಂಡವನಾಗಿ ಹೇಳುತ್ತಿದ್ದೇನೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯಲ್ಲಿ ಭರತದ ಗೆರೆಯಿಂದ (ಉಬ್ಬರದ ನೀರು ತಲುಪುವ ಗೆರೆಯಿಂದ) 200 ಮೀಟರ್ ಅಭಿವೃದ್ಧಿ ನಿಷಿದ್ಧ ಪ್ರದೇಶ. 2019ರ ಅಧಿಸೂಚನೆ ಜನವಸತಿ ದಟ್ಟವಾಗಿರುವ ಗ್ರಾಮಗಳಿಗೆ ಅದನ್ನು 50 ಮೀಟರಿಗೆ ಇಳಿಸಿತು. ತೀರದಲ್ಲಿ ತಾತ್ಕಾಲಿಕ ಗುಡಿಸಲು, ಶೌಚಾಲಯದಂಥ ಪ್ರವಾಸಿ ಸೌಕರ್ಯಗಳಿಗೆ ಭರತದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು ಅವಕಾಶ ಕೊಟ್ಟಿದೆ. ತಾತ್ಕಾಲಿಕ ಎಂದರೆ ಬಿದಿರು, ಮಡಲು, ಮರ. ಕಾಂಕ್ರೀಟು ಸುರಿದು ಮೇಲೆ ಮಡಲು ಹೊದಿಸಿದರೆ ಅದು ಗುಡಿಸಲಾಗುವುದಿಲ್ಲ. ಆಹಾರ ಸುರಕ್ಷತೆಯ ನೋಂದಣಿ ಮತ್ತು ಪಂಚಾಯಿತಿ ಪರವಾನಗಿ ಮಾಡಿಸಿಕೊಂಡೇ ಒಲೆ ಹಚ್ಚಿ. ಅಡುಗೆಮನೆಯ ಕೊಳೆನೀರು ಮರಳಿಗೆ ಹೋಗದಂತೆ ಹಿಂಗುಗುಂಡಿಯನ್ನು ಹಿಂಬದಿಗೆ, ಬಾವಿಯಿಂದ ದೂರ ಮಾಡಿಸಿ. ನಮ್ಮ ಊರಿನಲ್ಲಿ ಅದೊಂದು ತಪ್ಪಿಗೆ ಬಾವಿಗಳು ಕೆಟ್ಟಿವೆ.

ಗಿರಾಕಿಗಳಿಗೊಂದು ಮಾತು. ಹೊಸ ಹೋಟೆಲೊಂದರಲ್ಲಿ ನನ್ನ ಬಿಲ್ಲಿಗೆ ಕೇಳದೆಯೇ ಶೇಕಡ 10 ಸೇವಾ ಶುಲ್ಕ ಸೇರಿಸಿದ್ದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಇದನ್ನು ತಾನಾಗಿ ಸೇರಿಸುವಂತಿಲ್ಲ ಎಂದು ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಶಾಂತವಾಗಿ ಹೇಳಿದೆ, ತೆಗೆದುಹಾಕಿದರು. ಬಡಿಸಿದ ಹುಡುಗನ ಕೈಗೆ ನಾನೇ ಬೇರೆಯಾಗಿ ಕೊಟ್ಟೆ.

ಕಾಸರಕೋಡು, ಹೊನ್ನಾವರ · ಮಂಗಳವಾರ ಸಂಜೆ

ಕಡಲಿಗೆ ಮುಖಮಾಡಿ ದೀಪ ಹಾಕುವ ಹೋಟೆಲಿನವರಿಗೆ ಒಂದು ಬೇಡಿಕೆ. ನಮ್ಮ ದಂಡೆಗಳಿಗೆ ಚಳಿಗಾಲದಲ್ಲಿ ಬಂದು ಮೊಟ್ಟೆ ಇಡುವ ಆಲಿವ್ ರಿಡ್ಲೆ ಆಮೆಗಳ ಮರಿಗಳು ಏಳಲು 45ರಿಂದ 60 ದಿನ ಬೇಕು. ಕೊನೆಯ ಮರಿಗಳು ಬೇಸಿಗೆಯ ರಜೆಯಲ್ಲೇ ಹೊರಬರುತ್ತವೆ. ಅವು ಬೆಳಕಿರುವ ಕಡೆಗೆ ಓಡುತ್ತವೆ. ಸಮುದ್ರದ ಮೇಲಿನ ಆಕಾಶಕ್ಕಿಂತ ನಿಮ್ಮ ಫ್ಲಡ್‌ಲೈಟು ಪ್ರಕಾಶವಾಗಿದ್ದರೆ ಅವು ನಿಮ್ಮ ಅಂಗಳಕ್ಕೆ ಬಂದು ಸಾಯುತ್ತವೆ. ಒಂದು ಬೆಳಿಗ್ಗೆ ಅಂಥ ಹನ್ನೊಂದು ಮರಿಗಳನ್ನು ನಾನು ಕೈಯಾರೆ ಎತ್ತಿದ್ದೇನೆ. ದೀಪವನ್ನು ನೆಲಕ್ಕೆ ಬಾಗಿಸಿ, ಹತ್ತು ಗಂಟೆಗೆ ಆರಿಸಿ.

ನವಾಯತ ಮನೆ, ಭಟ್ಕಳ · ಮಂಗಳವಾರ ರಾತ್ರಿ

ಮುರ್ಡೇಶ್ವರಕ್ಕೆ ಬರುವವರು ಭಟ್ಕಳದವರೆಗೆ ಇನ್ನೊಂದು ಅರ್ಧ ಗಂಟೆ ಬನ್ನಿ. ನಮ್ಮಲ್ಲಿ ಶಾವಿಗೆ ಬಿರಿಯಾನಿ ಮಾಡುವ ಹೊಸ ಜಾಗಗಳು ಈ ವರ್ಷ ತೆರೆದಿವೆ. ಅಕ್ಕಿಯ ಬದಲು ಶಾವಿಗೆ, ಮೇಲೆ ಹುರಿದ ಈರುಳ್ಳಿ. ಮದುವೆ ಮನೆಗಳಲ್ಲಿ ಮಾತ್ರ ಸಿಗುತ್ತಿದ್ದ ಅಡುಗೆ ಈಗ ಅಂಗಡಿಗೆ ಬಂದಿರುವುದು ನನಗೆ ಹೆಮ್ಮೆ.

ತೆಂಗಿನತೋಟ, ಮಾಜಾಳಿ · ಶುಕ್ರವಾರ ರಾತ್ರಿ

ಮೂರು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಕೆಲಸ ಮಾಡಿ ನೋಡಿ ಬರೆಯೋಣ ಎಂದುಕೊಂಡೆ.

ಬುಧವಾರ ಕಾರವಾರದಿಂದ ಒಂದು ಕರಿಹಲಗೆ ತಂದೆ. ಗುರುವಾರ ಬೆಳಿಗ್ಗೆ ಐದೂವರೆಗೆ ದಂಡೆಗೆ ಹೋದೆ. ಏಂಡಿ ಬಲೆ ಎಳೆಯುವವರು ಇದ್ದರು. ನನ್ನ ಮನೆಯಿಂದ ಹತ್ತು ನಿಮಿಷದ ನಡಿಗೆ, ಹೋಟೆಲು ಆರಂಭಿಸಿದ ಮೇಲೆ ಒಮ್ಮೆಯೂ ನಾನು ಆ ಹೊತ್ತಿಗೆ ಹೋಗಿರಲಿಲ್ಲ. ನೋಗಲಿ ಸಿಕ್ಕಿತು, ಸ್ವಲ್ಪ ಸೌಂದಾಳೆ. ಉಳಿದದ್ದಕ್ಕೆ ಮಾರುಕಟ್ಟೆಗೆ ಹೋಗಿ ಒಬ್ಬ ಅಮ್ಮನ ಬುಟ್ಟಿಯಿಂದ ಬಂಗುಡೆ ಕೊಂಡೆ. ಹೆಬ್ಬೆರಳು ಒತ್ತಿ ನೋಡಿದೆ. ಆಕೆ ನನ್ನನ್ನು ನೋಡಿ ನಕ್ಕು, ಕೆಳಗಿನ ಪದರದಿಂದ ಇನ್ನೂ ಒಳ್ಳೆಯ ಬಂಗುಡೆ ತೆಗೆದುಕೊಟ್ಟರು. ಹಲಗೆಯ ಮೇಲೆ ಮೂರು ಹೆಸರು, ಮೂರು ದರ ಬರೆದೆ.

ಗುರುವಾರ ಬಂದ ಹುಬ್ಬಳ್ಳಿಯ ಕುಟುಂಬವೊಂದು ಹಲಗೆಯ ಮುಂದೆ ನಿಂತು "ಸೌಂದಾಳೆ ಎಂದರೇನು" ಎಂದು ಕೇಳಿತು. ನಾನು ಒಳಗಿನಿಂದ ಹಸಿ ಮೀನು ತಂದು ತೋರಿಸಿದೆ. ಅವರ ಮಗಳು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ಒಂದು ತಟ್ಟೆ ತರಿಸಿ, ಮತ್ತೆ ಎರಡು ತರಿಸಿದರು. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ನೋಗಲಿ ಮುಗಿಯಿತು, ಅಳಿಸಿದೆ. ಆಮೇಲೆ ಬಂದ ಒಬ್ಬರು ಅಳಿಸಿದ ಗುರುತು ನೋಡಿ "ನಾಳೆ ಬೇಗ ಬರುತ್ತೇವೆ" ಎಂದು ಹೇಳಿ ಹೋದರು. ಎದ್ದು ಹೋದವರೂ ಇದ್ದಾರೆ, ಪಾಪ್ಲೆಟ್ ಇಲ್ಲವೆಂದು ಎರಡು ಗಾಡಿ ಹಿಂದಕ್ಕೆ ತಿರುಗಿದವು. ಅದನ್ನೂ ಹೇಳಬೇಕು. ಅಪ್ಪೆಹುಳಿ ಇನ್ನೂ ಆರಂಭಿಸಿಲ್ಲ, ಕಾಯಿ ತರಿಸುವ ದಾರಿ ಹುಡುಕುತ್ತಿದ್ದೇನೆ. ಕಡಲ ಕಡೆಯ ಎರಡು ದೊಡ್ಡ ದೀಪ ತೆಗೆಸಿದೆ.

ಒಂದು ತೊಂದರೆ ಉಳಿದಿದೆ. ಬಂಗುಡೆ ಸಾರಿಗೆ ಮನೆಯ ಸಾರಿನ ಪರಿಮಳ ಬರುತ್ತಿಲ್ಲ. ನನ್ನ ತಾಯಿ ಇಲ್ಲ, ಕೇಳಲು ಯಾರೂ ಇಲ್ಲ. ಅಡುಗೆಯ ಹುಡುಗರು ನಾನು ಹೇಳಿದಂತೆ ಮಾಡುತ್ತಾರೆ, ನನಗೇ ಸರಿಯಾಗಿ ಗೊತ್ತಿಲ್ಲ. ಸಾರಿಗೆ ಪರಿಮಳ ಕೊಡುವ ಒಣ ಕಾಯಿ ತೆಫಳವನ್ನು ಯಾವಾಗ ಹಾಕಬೇಕು?

ಬಂದರಿನ ಮಗಳು, ಬೈತಖೋಲ್ · ಶುಕ್ರವಾರ ರಾತ್ರಿ

ಓದಿ ಅಮ್ಮನಿಗೆ ಹೇಳಿದೆ. "ಕೆಳಗಿನ ಪದರದ್ದು ಕೊಟ್ಟವಳು ನಾನೇ ಇರಬೇಕು" ಎಂದಳು. ಇರಲಿಕ್ಕೂ ಸಾಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧ ಎಂಬುದನ್ನು ಈಗಲೇ ನೆನಪಿಟ್ಟುಕೊಳ್ಳಿ. ಮಳೆಯಲ್ಲೂ ಒಂದೆರಡು ಮೇಜು ನಡೆಸುವ ಯೋಚನೆ ಇದ್ದರೆ ಮೇ ತಿಂಗಳಲ್ಲೇ ಒಣಮೀನು ಕೊಂಡಿಡಿ. ರವಿವಾರದ ಸಂತೆಯಲ್ಲಿ ಸಿಗುತ್ತದೆ. ಕೈಗೆ ಹಗುರವಾಗಿ, ಮುರಿದರೆ ಸದ್ದು ಬರುವಷ್ಟು ಒಣಗಿದ್ದನ್ನು ಮಾತ್ರ ಆರಿಸಿ.

ಕಾಳಿಕಡವು, ಕಾರವಾರ · ಶನಿವಾರ ಬೆಳಿಗ್ಗೆ

ತೆಂಗಿನತೋಟದವರೇ, ನಿಮ್ಮ ಬರಹವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ತೆಫಳದ ಬಗ್ಗೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

ಒಣಗಿದ ತೆಫಳ ಎಂಟು ಹತ್ತು ಸಾಕು. ಒಳಗಿನ ಕರಿ ಬೀಜ ತೆಗೆದು ಎಸೆಯಬೇಕು, ಸಿಪ್ಪೆ ಮಾತ್ರ ಇಟ್ಟುಕೊಳ್ಳಬೇಕು. ಕಾಯಿಯ ಜೊತೆ ಅರೆಯಬಾರದು, ಅರೆದರೆ ಕಹಿ. ಕಾಯಿ, ಮೆಣಸು, ಅರಿಸಿನ ನುಣ್ಣಗೆ ಅರೆದ ಮಸಾಲೆ ಕುದಿಯಲು ಬಂದ ಮೇಲೆ ಬಂಗುಡೆ ಹಾಕಿ, ಮುರುಗಲು ಸಿಪ್ಪೆ ಹಾಕಿ. ತೆಫಳವನ್ನು ಅಂಗೈಯಲ್ಲಿ ತುಸು ನೀರಿನೊಂದಿಗೆ ಹಿಸುಕಿ ಆ ನೀರಿನ ಸಮೇತ ಆಗ ಬಿಡಬೇಕು. ಇನ್ನೊಂದು ಕುದಿ ಬಂದ ಕೂಡಲೇ ಇಳಿಸಿ ಮುಚ್ಚಿಡಬೇಕು. ಸೌಟು ಹಾಕಿ ತಿರುವಬಾರದು, ಪಾತ್ರೆಯ ಕಿವಿ ಹಿಡಿದು ಅಲುಗಿಸಬೇಕು. ಬಡಿಸುವ ಮೊದಲು ಅರ್ಧ ಗಂಟೆ ಹಾಗೆಯೇ ಬಿಡಬೇಕು.

ನೋಗಲಿಗೆ ತೆಫಳ ಹಾಕಬೇಡಿ ಎಂದೂ ಹೇಳಿದ್ದಾಳೆ. ಬಂಗುಡೆ, ತಾರ್ಲೆಗೆ ಮಾತ್ರ.

ನಾಳೆ ರವಿವಾರ ಹನ್ನೆರಡೂವರೆಗೆ ನಾವು ಐದು ಜನ ಬರುತ್ತೇವೆ. ಬೆಳಿಗ್ಗೆ ತಾರ್ಲೆ ಸಿಕ್ಕಿದರೆ ಅಮ್ಮನಿಗೆ ಅದನ್ನೇ ತೆಗೆದಿಡಿ.